ಸುಳ್ಳಿಲ್ಲದ ಪಕ್ಷಪಾತ

(ಮಾತಾಡುವವರು ಇಬ್ಬರು. ಒಬ್ಬರು ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ರೇಡಿಯೊ ಬಿಟ್ಟಿರಲಾರದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಖಾಸಗಿ ಸುದ್ದಿವಾಹಿನಿಯೊಂದರ ವರದಿಗಾರ್ತಿ.)

ಮೇಷ್ಟ್ರು: ನಿಮ್ಮ ಚಾನೆಲ್‌ಗಳ ಗಲಾಟೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಆಕಾಶವಾಣಿಯ ಪ್ರದೇಶ ಸಮಾಚಾರವೇ ಎಷ್ಟೋ ವಾಸಿ. ಹತ್ತು ನಿಮಿಷ, ಅಷ್ಟೆ. ಕಿರುಚಾಟ ಇಲ್ಲ, ಬ್ರೇಕಿಂಗ್ ಇಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವವರಿಲ್ಲ. ಸರ್ಕಾರದ್ದು ಅಂತ ಎಲ್ಲರೂ ಮೂಗು ಮುರೀತಾರೆ. ಆದರೆ ಅಲ್ಲಿ ಹಸಿ ಸುಳ್ಳು ಕೇಳಿದ ನೆನಪು ನನಗಿಲ್ಲ.

ವರದಿಗಾರ್ತಿ: ನಮ್ಮ ಕಿರುಚಾಟದ ಪರ ನಾನು ವಕಾಲತ್ತು ವಹಿಸಲ್ಲ ಮೇಷ್ಟ್ರೇ. ಟಿಆರ್‌ಪಿ ಹಿಂದೆ ಬಿದ್ದು ನಾವು ಏನೇನು ಮಾಡ್ತೀವಿ ಅನ್ನೋದು ಊರಿಗೆಲ್ಲ ಗೊತ್ತು. ಆದರೆ ದನಿ ತಗ್ಗಿಸಿ ಓದಿದ ಮಾತ್ರಕ್ಕೆ ವಾರ್ತೆ ನಿಷ್ಪಕ್ಷಪಾತ ಆಗಿಬಿಡುತ್ತಾ? ಸುಳ್ಳು ಹೇಳದೆಯೇ ಪಕ್ಷ ವಹಿಸಬಹುದು. ಅದು ಇನ್ನೂ ಸಲೀಸು, ಯಾಕಂದ್ರೆ ಯಾರ ಕೈಗೂ ಸಿಕ್ಕಿಬೀಳೋದಿಲ್ಲ.

ಮೇಷ್ಟ್ರು: ಹೇಗೆ? ಬಾಯಿ ಮಾತು ಬೇಡ, ತೋರಿಸು.

ವರದಿಗಾರ್ತಿ: ಒಂದು ಸುದ್ದಿಯನ್ನು ನಾವೇ ಕಟ್ಟೋಣ. ಯಾವುದೋ ಜಿಲ್ಲೆಯಲ್ಲಿ ಕೆರೆ ತುಂಬಿಸುವ ಯೋಜನೆ. ಸಚಿವರು ಬಂದು ಚಾಲನೆ ಕೊಟ್ಟರು. ನಲವತ್ತು ಹಳ್ಳಿಗೆ ಅನುಕೂಲ ಅಂದರು. ಪೈಪ್‌ಲೈನ್‌ಗೆ ಜಮೀನು ಬಿಟ್ಟುಕೊಟ್ಟ ಮೂರು ಹಳ್ಳಿಯ ರೈತರು ಪರಿಹಾರ ಬಂದಿಲ್ಲ ಅಂತ ಕಪ್ಪು ಬಾವುಟ ಹಿಡಿದರು. ಇಷ್ಟೂ ನಿಜ ಅಂತಿಟ್ಟುಕೊಳ್ಳಿ. ಈಗ ಮೊದಲನೇ ಬಗೆ ಕೇಳಿ: ‘ಕೆರೆ ತುಂಬಿಸುವ ಯೋಜನೆಗೆ ಸಚಿವರು ಇಂದು ಚಾಲನೆ ನೀಡಿದರು. ಇದರಿಂದ ನಲವತ್ತು ಹಳ್ಳಿಗಳಿಗೆ ಅನುಕೂಲವಾಗಲಿದೆ ಎಂದು ಅವರು ಹೇಳಿದರು.’ ಇದರಲ್ಲಿ ಸುಳ್ಳಿದೆಯಾ?

ಮೇಷ್ಟ್ರು: ಇಲ್ಲ. ಆದರೆ ಬಾವುಟ ಬಿಟ್ಟುಹೋಯಿತು.

ವರದಿಗಾರ್ತಿ: ಎರಡನೇ ಬಗೆ: ‘ಪರಿಹಾರ ದೊರೆತಿಲ್ಲ ಎಂದು ಮೂರು ಹಳ್ಳಿಗಳ ರೈತರು ಕಪ್ಪು ಬಾವುಟ ಪ್ರದರ್ಶಿಸಿದ ನಡುವೆಯೇ ಸಚಿವರು ಯೋಜನೆಗೆ ಚಾಲನೆ ನೀಡಿದರು.’ ಇದೂ ನಿಜ, ಆದರೆ ಸಮಾರಂಭದ ಬಣ್ಣವೇ ಬೇರೆಯಾಯಿತು. ಮೂರನೇದು ಎಲ್ಲಕ್ಕಿಂತ ನಾಜೂಕು: ‘ಸಚಿವರು ಚಾಲನೆ ನೀಡಿದ ಯೋಜನೆಯಿಂದ ನಲವತ್ತು ಹಳ್ಳಿಗಳಿಗೆ ಅನುಕೂಲವಾಗಲಿದೆ.’ ಇಲ್ಲಿ ‘ಎಂದು ಅವರು ಹೇಳಿದರು’ ಉದುರಿಹೋಗಿದೆ ನೋಡಿ. ಸಚಿವರ ಭರವಸೆ ಈಗ ವಾರ್ತಾ ವಾಚಕರ ಭರವಸೆ ಆಯಿತು. ಸರ್ಕಾರದ ಮಾತು ಆಕಾಶವಾಣಿಯ ಮಾತಾಯಿತು. ನಾಳೆಯಿಂದ ರೇಡಿಯೊ ಹಾಕಿಕೊಂಡು ಕೂತಾಗ ಇದನ್ನೊಂದು ಗಮನಿಸಿ: ಯೋಜನೆಗಳ ಗುಣಗಾನ ಬಂದಾಗ ಅದು ಯಾರ ಹೇಳಿಕೆ ಅಂತ ಹೇಳ್ತಾರಾ, ಇಲ್ಲ ಹಾಗೇ ನುಂಗಿಬಿಡ್ತಾರಾ ಅಂತ. ವಿರೋಧ ಪಕ್ಷದವರ ಮಾತಿಗೆ ಮಾತ್ರ ‘ಎಂದು ಆರೋಪಿಸಿದರು’ ಅನ್ನೋ ಬಾಲ ತಪ್ಪದೇ ಇರುತ್ತೆ.

ಮೇಷ್ಟ್ರು: ಇದು ಸಂಪಾದಕನ ವಿವೇಚನೆಗೆ ಸೇರಿದ್ದು. ಪತ್ರಿಕೆಗಳೂ ಇದನ್ನೇ ಮಾಡುತ್ತವೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ ಅಂತ ಯಾರಾದರೂ ತೀರ್ಮಾನಿಸಲೇಬೇಕಲ್ಲ.

ವರದಿಗಾರ್ತಿ: ಪತ್ರಿಕೆ ಒಗ್ಗದಿದ್ದರೆ ನಾಳೆಯಿಂದ ಹಾಕಬೇಡಪ್ಪಾ ಅಂತ ಹುಡುಗನಿಗೆ ಹೇಳಬಹುದು. ಆಕಾಶವಾಣಿಗೆ ನಿಮ್ಮ ತೆರಿಗೆ ಹೋಗುತ್ತೆ, ನೀವು ಕೇಳಿದರೂ ಕೇಳದಿದ್ದರೂ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ರೇಡಿಯೊದಲ್ಲಿ ಸುದ್ದಿ ಅನ್ನೋದು ಈ ದೇಶದಲ್ಲಿ ಆಕಾಶವಾಣಿಗೆ ಮಾತ್ರ ಮೀಸಲು. ಖಾಸಗಿ ಎಫ್‌ಎಂಗಳು ದಿನವಿಡೀ ಹರಟಬಹುದು, ಸ್ವಂತ ಸುದ್ದಿ ಕೊಡುವ ಹಾಗಿಲ್ಲ. ಬೇಕಿದ್ದರೆ ಆಕಾಶವಾಣಿಯ ಬುಲೆಟಿನ್ನನ್ನೇ ಇದ್ದ ಹಾಗೆ ಮರುಪ್ರಸಾರ ಮಾಡಬೇಕು. ಸಮುದಾಯ ಬಾನುಲಿಗೂ ಅದೇ ಕಟ್ಟಳೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯಂಥ ಪುಟ್ಟ ಕೇಂದ್ರ ಕೂಡ ಹಳ್ಳಿಯ ಹಾಡು, ಆರೋಗ್ಯ, ಬೇಸಾಯ ಎಲ್ಲ ಹೇಳಬಹುದು, ರಾಜಕೀಯ ಸುದ್ದಿಗೆ ಬಾಯಿ ಹಾಕುವ ಹಾಗಿಲ್ಲ. ಪತ್ರಿಕೆ ಸಾವಿರ ಇವೆ, ಒಂದು ಬಿಟ್ಟರೆ ಇನ್ನೊಂದು. ರೇಡಿಯೊ ಸುದ್ದಿಗೆ ಇರೋದು ಒಂದೇ ಬಾಗಿಲು. ಅದನ್ನು ಕಾಯುವವನು ಒಂದು ಕಡೆಗೆ ವಾಲಿದರೆ?

ಮೇಷ್ಟ್ರು: ನಮ್ಮ ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದಾಗ ಅದು ಸರ್ಕಾರದ ಸ್ವತ್ತಾಗಿರಲಿಲ್ಲ. ಒಬ್ಬ ಮನಃಶಾಸ್ತ್ರದ ಪ್ರಾಧ್ಯಾಪಕನ ಹುಚ್ಚು ಅದು. ಸರ್ಕಾರ ಬಂದದ್ದು ಆಮೇಲೆ. ಆದರೂ ಕಾನೂನಿನ ಮಾತು ಬಂದರೆ ನಾನು ಸುಮ್ಮನಿರೋನಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ್ದಲ್ಲ. ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕು ಅನ್ನೋ ಜಗಳದಿಂದ ಬಂದ ತೀರ್ಪು ಅದು. ಪ್ರಸಾರದ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು, ಹಾಗಂತ ಅದನ್ನು ದುಡ್ಡಿದ್ದವರ ಕೈಗೆ ಬಿಡೋದೂ ಸಲ್ಲದು ಅನ್ನೋ ವಿವೇಕ ಅದರಲ್ಲಿತ್ತು. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಕಾಯ್ದೆಯ 12ನೇ ಸೆಕ್ಷನ್ನಲ್ಲೂ ಇದೇ ಆಶಯ ಇದೆ: ಪ್ರಜೆಗೆ ಮುಕ್ತವಾಗಿ, ಸತ್ಯವಾಗಿ ಮಾಹಿತಿ ಸಿಗಬೇಕು, ಭಿನ್ನ ಅಭಿಪ್ರಾಯಗಳು ಬರಬೇಕು, ಸಂಸ್ಥೆ ತನ್ನದೇ ಸಿದ್ಧಾಂತ ಸಾರಬಾರದು.

ವರದಿಗಾರ್ತಿ: ಕಾಯ್ದೆ ಚೆನ್ನಾಗಿಯೇ ಇದೆ. ನಡೆದದ್ದೇನು?

ಮೇಷ್ಟ್ರು: ನಡೆದದ್ದನ್ನು ಹೇಳಬೇಕಾದರೆ ತುರ್ತು ಪರಿಸ್ಥಿತಿಯಿಂದಲೇ ಶುರು ಮಾಡಬೇಕು. 1975ರ ಜೂನ್ ಕೊನೆಯಲ್ಲಿ ವಾರ್ತಾ ಸಚಿವ ಗುಜ್ರಾಲ್ ಅವರನ್ನು ಎತ್ತಿ ವಿದ್ಯಾಚರಣ ಶುಕ್ಲರನ್ನು ತಂದು ಕೂರಿಸಿದರು. ಮುಂದಿನ ವರ್ಷ ಸರ್ಕಾರದ ಕಾರ್ಯಕ್ರಮಕ್ಕೆ ಹಾಡಲು ಒಪ್ಪಲಿಲ್ಲ ಅಂತ ಕಿಶೋರ್ ಕುಮಾರ್ ಹಾಡುಗಳೇ ಆಕಾಶವಾಣಿಯಿಂದ ಮಾಯವಾದವು. ಹಾಡಿಗೇ ಹೀಗಾದರೆ ಸುದ್ದಿಯ ಗತಿ ಏನು ನೀನೇ ಊಹಿಸು. 1977ರ ಫೆಬ್ರವರಿ 6ರಂದು, ಭಾನುವಾರ, ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಸಭೆ. ಜಗಜೀವನ್ ರಾಮ್ ಕಾಂಗ್ರೆಸ್ ಬಿಟ್ಟು ಹೊರಬಂದು ಇನ್ನೂ ವಾರವಾಗಿರಲಿಲ್ಲ. ಜನ ಮನೆ ಬಿಟ್ಟು ಕದಲಬಾರದು ಅಂತ ದೂರದರ್ಶನದಲ್ಲಿ ‘ಬಾಬಿ’ ಸಿನಿಮಾ ಹಾಕಿದರು. ಜನ ಸಭೆಗೇ ಹೋದರು.

ವರದಿಗಾರ್ತಿ: ಆಗ ಎಲ್ಲರೂ ಪಾಠ ಕಲಿತಿರಬೇಕು ಅಲ್ವಾ?

ಮೇಷ್ಟ್ರು: ಕಲಿತ ಹಾಗೆ ಕಂಡಿತು. ಜನತಾ ಸರ್ಕಾರದಲ್ಲಿ ಅಡ್ವಾಣಿ ವಾರ್ತಾ ಸಚಿವರು. ಚುನಾವಣೆ ಹೊತ್ತಿಗೆ ಎಲ್ಲ ಪಕ್ಷಗಳಿಗೂ ರೇಡಿಯೊದಲ್ಲಿ ಸಮಯ ಕೊಡುವ ಪದ್ಧತಿ ಬಂತು. ಬಿ.ಜಿ. ವರ್ಗೀಸ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ಮಾಡಿದರು. ಅದು 1978ರಲ್ಲಿ ‘ಆಕಾಶ್ ಭಾರತಿ’ ಅನ್ನೋ ಸ್ವತಂತ್ರ ಟ್ರಸ್ಟ್ ಆಗಬೇಕು ಅಂತ ವರದಿ ಕೊಟ್ಟಿತು. ಆಮೇಲೆ ಬಂದ ಮಸೂದೆಯಲ್ಲಿ ವರದಿಯ ಜೀವವೇ ಇರಲಿಲ್ಲ. ಲೋಕಸಭೆ ವಿಸರ್ಜನೆಯಾಗಿ ಅದೂ ಬಿದ್ದುಹೋಯಿತು. 1984ರ ಅಕ್ಟೋಬರ್ 31 ನೆನಪಿಸಿಕೋ. ಇಂದಿರಾ ಅವರಿಗೆ ಗುಂಡು ತಗುಲಿದ್ದು ಬೆಳಿಗ್ಗೆ. ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ. ಅಷ್ಟರಲ್ಲಿ ದೇಶದ ಅರ್ಧ ಜನ ಬಿಬಿಸಿ ಕೇಳಿ ತಿಳಿದುಕೊಂಡಿದ್ದರು. ಬಂಗಾಳದ ಪ್ರವಾಸದಲ್ಲಿದ್ದ ಅವರ ಮಗ ಕೂಡ ಕಿವಿಗೆ ಹಚ್ಚಿಕೊಂಡದ್ದು ಬಿಬಿಸಿಯನ್ನೇ.

ವರದಿಗಾರ್ತಿ: ಕೊನೆಗೆ ಕಾಯ್ದೆ ಬಂದದ್ದು 1990ರಲ್ಲಿ, ವಿ.ಪಿ. ಸಿಂಗ್ ಕಾಲದಲ್ಲಿ. ಜಾರಿಯಾದದ್ದು 1997ರ ಸೆಪ್ಟೆಂಬರಿನಲ್ಲಿ. ಸಂಸತ್ತು ಪಾಸು ಮಾಡಿದ ಕಾನೂನನ್ನು ಏಳು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಾರನೇ ವರ್ಷವೇ ಹೊಸ ಸರ್ಕಾರ ಸುಗ್ರೀವಾಜ್ಞೆ ತಂದು ವಯಸ್ಸಿನ ಮಿತಿ ಹೇರಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎಸ್.ಎಸ್. ಗಿಲ್ ಅವರನ್ನು ಮನೆಗೆ ಕಳಿಸಿತು. ಅದು ವಾಜಪೇಯಿ ಸರ್ಕಾರ. 2014ರ ಚುನಾವಣೆ ವೇಳೆ ದೂರದರ್ಶನ ನರೇಂದ್ರ ಮೋದಿಯವರ ಸಂದರ್ಶನ ಮಾಡಿ ಕೆಲವು ಭಾಗ ಕತ್ತರಿಸಿ ತೋರಿಸಿತು. ಆಗ ಇದ್ದದ್ದು ಯುಪಿಎ ಸರ್ಕಾರ. ಸಚಿವಾಲಯದ ಹಿಡಿತದಿಂದ ಬಿಡಿಸಿಕೊಳ್ಳಲು ಆಗಿಲ್ಲ ಅಂತ ಆಗಿನ ಸಿಇಒ ಜವಾಹರ್ ಸರ್ಕಾರ್ ಅವರೇ ಮಂಡಳಿಗೆ ಪತ್ರ ಬರೆದರು. ಅದೇ ವರ್ಷ, ಸರ್ಕಾರ ಬದಲಾದ ಮೇಲೆ, ವಿಜಯದಶಮಿಯಂದು ಆರೆಸ್ಸೆಸ್ ಮುಖ್ಯಸ್ಥರ ಭಾಷಣ ದೂರದರ್ಶನದಲ್ಲಿ ನೇರಪ್ರಸಾರ ಆಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ರೆಕಾರ್ಡ್ ಮಾಡಿಸಿದ ಭಾಷಣವನ್ನು ತಿದ್ದಿಕೊಡದ ಹೊರತು ಪ್ರಸಾರ ಮಾಡಲ್ಲ ಅಂದರು. 2024ರ ಏಪ್ರಿಲಿನಲ್ಲಿ, ಮತದಾನದ ಹೊತ್ತಿಗೆ ಸರಿಯಾಗಿ, ಡಿಡಿ ನ್ಯೂಸ್ ಲಾಂಛನ ಕೇಸರಿ ಆಯಿತು.

ಮೇಷ್ಟ್ರು: ಪಕ್ಷ ಯಾವುದಾದರೂ ಕೈ ಒಂದೇ ಅಂತಾಯಿತು.

ವರದಿಗಾರ್ತಿ: ಪ್ರಮಾಣ ಬೇರೆ ಇರಬಹುದು ಮೇಷ್ಟ್ರೇ, ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸೋದು ಕೂಡ ಒಂಥರಾ ಜಾರಿಕೊಳ್ಳೋದೇ. ತುರ್ತು ಪರಿಸ್ಥಿತಿಯಲ್ಲಿ ಆದದ್ದನ್ನು ಉಳಿದದ್ದರ ಜೊತೆ ಸಮ ಮಾಡೋಕಾಗಲ್ಲ. ಆದರೆ ಈ ಕೈಯನ್ನು ತಡೆಯುವ ಏರ್ಪಾಡು ಯಾವ ಕಾಲದಲ್ಲೂ ಇರಲಿಲ್ಲ ಅನ್ನೋದಂತೂ ನಿಜ.

ಮೇಷ್ಟ್ರು: ಒಳಗಿರುವ ಅಧಿಕಾರಿಗಳಿಗೆ ಬೆನ್ನುಮೂಳೆ ಇದ್ದಿದ್ದರೆ?

ವರದಿಗಾರ್ತಿ: ಬೆನ್ನುಮೂಳೆಯ ಮಾತು ಬೇಡ, ಹುದ್ದೆಯ ಮಾತಾಡಿ. ಆಕಾಶವಾಣಿ, ದೂರದರ್ಶನದ ಸುದ್ದಿ ವಿಭಾಗದಲ್ಲಿ ಸಂಪಾದಕರ ಕುರ್ಚಿಯಲ್ಲಿ ಕೂರೋರು ಬಹುಪಾಲು ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು, ಅಂದರೆ ಐಐಎಸ್‌ನವರು. ಅದೇ ಸೇವೆಯವರೇ ಪಿಐಬಿಯಲ್ಲೂ ಇರ್ತಾರೆ, ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ ಹೊರಡಿಸುವ ಕಚೇರಿ ಅದು. ಈ ಪೋಸ್ಟಿಂಗ್‌ನಲ್ಲಿ ಸಚಿವರ ಪರ ಪ್ರಕಟಣೆ ಬರೆಯೋದು, ಮುಂದಿನ ಪೋಸ್ಟಿಂಗ್‌ನಲ್ಲಿ ಆ ಪ್ರಕಟಣೆ ಸುದ್ದಿ ಹೌದೋ ಅಲ್ಲವೋ ಅಂತ ತೀರ್ಪು ಕೊಡೋದು, ಅದರ ಮುಂದೆ ಮತ್ತೆ ವಾಪಸ್. ಬಡ್ತಿ, ವರ್ಗಾವಣೆ ಎಲ್ಲಾ ವಾರ್ತಾ ಸಚಿವಾಲಯದ ಕೈಯಲ್ಲಿ. ಇಂಥವರು ರಾತ್ರಿ ಬುಲೆಟಿನ್ನಿನಲ್ಲಿ ಸಚಿವರ ವೈಫಲ್ಯವನ್ನು ಮೊದಲ ಸುದ್ದಿ ಮಾಡ್ತಾರೆ ಅಂತ ಹೇಗೆ ನಿರೀಕ್ಷಿಸ್ತೀರಿ? ಮೇಲಿಂದ ಫೋನ್ ಬರಬೇಕಾದ್ದೇ ಇಲ್ಲ. ಫೋನ್ ಬರದೆಯೇ ಏನು ಮಾಡಬೇಕು ಅನ್ನೋದು ಗೊತ್ತಿರುತ್ತೆ. ಇಷ್ಟರ ನಡುವೆಯೂ ನೆಟ್ಟಗೆ ಕೆಲಸ ಮಾಡಿದವರು ಆ ಡೆಸ್ಕುಗಳಲ್ಲಿ ಇದ್ದಾರೆ. ಅವರ ಪ್ರಾಮಾಣಿಕತೆ ಅವರ ಸ್ವಂತ ಖರ್ಚಿನದ್ದು, ವ್ಯವಸ್ಥೆ ಕೊಟ್ಟದ್ದಲ್ಲ.

ಮೇಷ್ಟ್ರು: ಅನ್ನದ ಋಣ ಅಂತೀವಲ್ಲ, ಅದಿಲ್ಲಿ ತಿರುಗುಮುರುಗಾಗಿದೆ. ಅನ್ನ ಹಾಕುವವನು ತೆರಿಗೆ ಕಟ್ಟುವವನು, ಋಣ ತೀರಿಸ್ತಿರೋದು ಸಚಿವರಿಗೆ. ಸಂಬಳದ ದುಡ್ಡು ಬರೋದು ಕೇಂದ್ರದ ಅನುದಾನದಿಂದ. ಕಾಯ್ದೆಯ 23ನೇ ಸೆಕ್ಷನ್ ಓದು: ದೇಶದ ಭದ್ರತೆ, ಏಕತೆ, ಸಾರ್ವಜನಿಕ ಶಾಂತಿಯ ಹೆಸರಲ್ಲಿ ಇದನ್ನು ಪ್ರಸಾರ ಮಾಡು, ಅದನ್ನು ಮಾಡಬೇಡ ಅಂತ ಸರ್ಕಾರ ನಿರ್ದೇಶನ ಕೊಡಬಹುದು. ಅದಕ್ಕೆ ಎದುರಾಗಿ ಕಾಯ್ದೆಯಲ್ಲೇ ಎರಡು ಕಾವಲು ಇಟ್ಟಿದ್ದರು. 13ನೇ ಸೆಕ್ಷನ್ನಲ್ಲಿ ಸಂಸದೀಯ ಸಮಿತಿ: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7, ಒಟ್ಟು 22 ಜನ. ಇನ್ನೊಂದು, ಕೇಳುಗರ ದೂರು ವಿಚಾರಿಸಲು ಪ್ರಸಾರ ಮಂಡಳಿ. ಕಾಯ್ದೆ ಜಾರಿಗೆ ಬಂದು ಕಾಲು ಶತಮಾನ ಕಳೆದರೂ ಎರಡೂ ಕಾಗದದ ಮೇಲೇ ಇವೆ. ಸರ್ಕಾರಕ್ಕೆ ಅಧಿಕಾರ ಕೊಡುವ ಸೆಕ್ಷನ್ ಎಚ್ಚರವಾಗಿದೆ, ಸರ್ಕಾರವನ್ನು ತಡೆಯುವ ಸೆಕ್ಷನ್ ಮಲಗಿದೆ.

ವರದಿಗಾರ್ತಿ: ಹಾಗಾದರೆ ಆಕಾಶವಾಣಿಯೇ ಎಷ್ಟೋ ವಾಸಿ ಅಂದ ನಿಮ್ಮ ಮಾತು?

ಮೇಷ್ಟ್ರು: ಇರು, ಅಷ್ಟು ಬೇಗ ನನ್ನನ್ನು ಗೋಡೆಗೆ ಒತ್ತಬೇಡ. ನನ್ನದೊಂದು ಪ್ರಶ್ನೆ ಇದೆ. ಸರ್ಕಾರದ ಹಿಡಿತ ತಪ್ಪಿತು ಅಂತಿಟ್ಟುಕೋ. ಆಗ ನಿಷ್ಪಕ್ಷಪಾತ ಅಂದರೆ ಏನು ಮಾಡ್ತೀರಿ? ಗಡಿಯಾರ ಹಿಡಿದು ಆಳುವ ಪಕ್ಷಕ್ಕೆ ಎರಡು ನಿಮಿಷ, ವಿರೋಧ ಪಕ್ಷಕ್ಕೆ ಎರಡು ನಿಮಿಷ ಅಂತ ಹಂಚುತ್ತೀರಾ? ಅದು ಸುದ್ದಿ ಅಲ್ಲ, ನ್ಯಾಯಬೆಲೆ ಅಂಗಡಿ.

ವರದಿಗಾರ್ತಿ: ಸಮಯ ಹಂಚಿಕೆ ಚುನಾವಣೆಯಲ್ಲಿ ಬೇಕು, ಅದೂ ಪಕ್ಷಗಳು ತಮ್ಮ ಮಾತು ತಾವೇ ಹೇಳಿಕೊಳ್ಳುವ ಕಾರ್ಯಕ್ರಮದಲ್ಲಿ. ಅಲ್ಲೂ ಕತ್ತರಿ ಹೇಗೆ ಆಡುತ್ತೆ ನೋಡಿ. 2024ರ ಮೇ ತಿಂಗಳಲ್ಲಿ ಸಿಪಿಎಂನ ಸೀತಾರಾಂ ಯೆಚೂರಿ ತಮ್ಮ ಪಕ್ಷಕ್ಕೆ ಸಿಕ್ಕ ಸಮಯದಲ್ಲಿ ಓದಬೇಕಿದ್ದ ಭಾಷಣದಿಂದ ಕೋಮುವಾದಿ ಸರ್ವಾಧಿಕಾರದ ಆಡಳಿತ, ಕರಾಳ ಕಾನೂನು ಅನ್ನೋ ಅರ್ಥದ ಮಾತು ತೆಗೆಸಿದರು. ಆಡಳಿತದ ದಿವಾಳಿತನ ಅಂದದ್ದನ್ನು ವೈಫಲ್ಯ ಮಾಡಿಸಿದರು. ಫಾರ್ವರ್ಡ್ ಬ್ಲಾಕ್‌ನ ಜಿ. ದೇವರಾಜನ್ ಪೌರತ್ವ ಕಾಯ್ದೆಯ ಬಗ್ಗೆ ಮಾತಾಡುವಾಗ ಮುಸ್ಲಿಮರು ಅನ್ನುವ ಪದವನ್ನೇ ಬಿಡಬೇಕಾಯಿತು. ಚುನಾವಣಾ ಆಯೋಗದ ಮಾರ್ಗಸೂಚಿ ಪಾಲಿಸಿದ್ದೇವೆ ಅಂತ ಪ್ರಸಾರ ಭಾರತಿಯ ಉತ್ತರ. ಮಾರ್ಗಸೂಚಿ ಇರೋದು ನಿಜ. ಧರ್ಮ, ಸಮುದಾಯಗಳ ಮೇಲೆ ದಾಳಿ ಮಾಡಬಾರದು ಅನ್ನೋದೂ ಸರಿ. ಆದರೆ ಒಂದು ಕಾನೂನು ಯಾರನ್ನು ಹೊರಗಿಟ್ಟಿದೆ ಅಂತ ಹೇಳುವಾಗ ಅವರ ಹೆಸರೇ ಎತ್ತದೆ ಹೇಳೋದು ಹೇಗೆ? ಸರ್ಕಾರವನ್ನು ಟೀಕಿಸಲೆಂದೇ ಕೊಟ್ಟ ಸಮಯದಲ್ಲಿ ಟೀಕೆಯ ಖಾರ ಎಷ್ಟಿರಬೇಕು ಅಂತ ಸರ್ಕಾರಿ ಸಂಸ್ಥೆ ಅಳೆದುಕೊಟ್ಟರೆ ಅದಕ್ಕೇನು ಅರ್ಥ?

ಮೇಷ್ಟ್ರು: ಅದು ಪಕ್ಷಗಳ ಮಾತು. ವಾರ್ತೆಯ ಮಾತಿಗೆ ಬಾ.

ವರದಿಗಾರ್ತಿ: ವಾರ್ತೆಯಲ್ಲಿ ಗಡಿಯಾರ ನಡೆಯಲ್ಲ, ಒಪ್ಪುತ್ತೇನೆ. ಹವಾಮಾನ ಬದಲಾವಣೆ ವಿಷಯದಲ್ಲಿ ಬಿಬಿಸಿ ಇದೇ ಹಳ್ಳಕ್ಕೆ ಬಿತ್ತು. ಒಂದು ಕಡೆ ವಿಜ್ಞಾನಿ, ಇನ್ನೊಂದು ಕಡೆ ಭೂಮಿ ಬಿಸಿಯಾಗ್ತಾನೇ ಇಲ್ಲ ಅನ್ನೋ ರಾಜಕಾರಣಿ. ಇಬ್ಬರಿಗೂ ಸಮ ಸಮಯ, ಸಮ ಗೌರವ. ಕೇಳಿದವರಿಗೆ ವಿಜ್ಞಾನಿಗಳಲ್ಲೇ ಅರ್ಧಕ್ಕರ್ಧ ಒಡಕಿದೆ ಅನ್ನೋ ಭಾವನೆ ಬಂತು. ಕೊನೆಗೆ 2018ರಲ್ಲಿ ಬಿಬಿಸಿ ತನ್ನ ಸಿಬ್ಬಂದಿಗೆ, ಸಮತೋಲನಕ್ಕೆಂದು ಅಲ್ಲಗಳೆಯುವವರನ್ನು ಕರೆತರಬೇಕಾಗಿಲ್ಲ ಅಂತ ಸೂಚನೆ ಕೊಡಬೇಕಾಯಿತು. ಸತ್ಯಕ್ಕೂ ಅಸತ್ಯಕ್ಕೂ ನಡುವೆ ಕೂರೋದು ನಿಷ್ಪಕ್ಷಪಾತ ಅಲ್ಲ.

ಮೇಷ್ಟ್ರು: ಕಾವೇರಿ ವಿಷಯದಲ್ಲಿ ಏನು ಮಾಡ್ತೀಯ? ನಾನು ಮಂಡ್ಯ ಕಡೆಯವನು. ನಾಲೆಯಲ್ಲಿ ನೀರಿಲ್ಲದೆ ಬೆಳೆ ಒಣಗ್ತಿರುವಾಗ, ತಮಿಳುನಾಡಿಗೆ ಇಷ್ಟು ಕ್ಯುಸೆಕ್ ಹರಿಸಲಾಗಿದೆ ಅಂತ ವಾರ್ತೆಯಲ್ಲಿ ತಣ್ಣಗೆ ಓದಿದರೆ ನನ್ನ ಮೈ ಉರಿಯುತ್ತೆ. ‘ನಮ್ಮ ನೀರು’ ಅನ್ನಬಾರದಾ?

ವರದಿಗಾರ್ತಿ: ನೀವು ಅನ್ನಿ, ನಾನೂ ಅಂತೀನಿ. ಸರ್ಕಾರಿ ವಾರ್ತೆ ಅನ್ನಬಾರದು. ಅದೇ ಪ್ರಸಾರ ಭಾರತಿಯ ನಿಲಯ ಬೆಂಗಳೂರಿನಲ್ಲೂ ಇದೆ, ತಿರುಚಿರಾಪಳ್ಳಿಯಲ್ಲೂ ಇದೆ. ಎರಡೂ ಕಡೆ ‘ನಮ್ಮ ನೀರು’ ಅಂದರೆ ಒಂದೇ ಸಂಸ್ಥೆ ಒಂದೇ ನದಿಯನ್ನು ಎರಡು ಸಲ ಹಂಚಿದ ಹಾಗಾಯಿತು. ಕೇಳುಗನಿಗೆ ಬೇಕಾದದ್ದು ಲೆಕ್ಕ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇವತ್ತು ಎಷ್ಟಿದೆ? ಒಳಹರಿವು, ಹೊರಹರಿವು ಎಷ್ಟು? ಮೆಟ್ಟೂರಿನಲ್ಲಿ ಎಷ್ಟಿದೆ? 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಳೆ ಸರಿಯಾದ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಿಗಬೇಕಾದದ್ದು 177.25 ಟಿಎಂಸಿ, ಮಳೆ ಕೈಕೊಟ್ಟ ವರ್ಷ ಅದನ್ನು ಯಾವ ಲೆಕ್ಕದಲ್ಲಿ ಇಳಿಸಬೇಕು ಅಂತ ಎರಡೂ ರಾಜ್ಯಗಳು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮುಂದೆ ಏನು ವಾದಿಸುತ್ತಿವೆ? ಮಂಡ್ಯದ ರೈತನ ಕಬ್ಬಿನ ಪಾಡೇನು, ತಂಜಾವೂರಿನ ರೈತನ ಕುರುವೈ ಬತ್ತದ ಪಾಡೇನು? ಇಷ್ಟನ್ನೂ ಎರಡೂ ಕಡೆಯ ಕೇಳುಗರಿಗೆ ಹೇಳಬೇಕು. ನಿಮ್ಮ ಮೈ ಉರಿಯೋದು ನಿಲ್ಲಲ್ಲ. ಆದರೆ ಯಾಕೆ ಉರೀತಿದೆ ಅನ್ನೋದು ನಿಮಗೆ ಖಚಿತ ಆಗುತ್ತೆ.

ಮೇಷ್ಟ್ರು: ಹೂಂ. 1982ರಲ್ಲಿ ಫಾಕ್ಲೆಂಡ್ ಯುದ್ಧದ ಹೊತ್ತಿನಲ್ಲಿ ಬಿಬಿಸಿಯವರು ನಮ್ಮ ಪಡೆ ಅನ್ನದೆ ಬ್ರಿಟಿಷ್ ಪಡೆ ಅಂದದ್ದಕ್ಕೆ ಥ್ಯಾಚರ್ ಕೆಂಡಾಮಂಡಲವಾಗಿದ್ದರು. ಆಕೆಯ ಪಕ್ಷದವರು ಬಿಬಿಸಿಯನ್ನು ದೇಶದ್ರೋಹಿ ಅನ್ನುವ ಮಟ್ಟಕ್ಕೂ ಹೋದರು. ಆದರೂ ಬಿಬಿಸಿ ದನಿ ಬದಲಾಯಿಸಲಿಲ್ಲ. ನಮಗೆ ಅಂಥದ್ದೊಂದು ಬೇಕು ಅಂತೀಯ?

ವರದಿಗಾರ್ತಿ: ಬಿಬಿಸಿಯನ್ನು ದೇವರ ಗೂಡಿನಲ್ಲಿ ಇಡೋದೂ ಬೇಡ. 1926ರ ಮಹಾಮುಷ್ಕರದಲ್ಲಿ ಅದರ ಮುಖ್ಯಸ್ಥ ಜಾನ್ ರೀತ್, ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಮಾತಾಡೋಕೆ ಮೈಕು ಕೊಡಲಿಲ್ಲ. ನಾವು ನಿಜಕ್ಕೂ ನಿಷ್ಪಕ್ಷಪಾತ ಆಗಿರಲ್ಲ ಅನ್ನೋ ನಂಬಿಕೆ ಸರ್ಕಾರಕ್ಕಿದೆ ಅಂತ ತನ್ನ ದಿನಚರಿಯಲ್ಲಿ ತಾನೇ ಬರೆದುಕೊಂಡ. 2004ರಲ್ಲಿ ಇರಾಕ್ ಯುದ್ಧದ ವರದಿ ಸಂಬಂಧ ಹಟ್ಟನ್ ವಿಚಾರಣೆಯ ತೀರ್ಪು ಬಂದಾಗ ಅಧ್ಯಕ್ಷ, ಮಹಾನಿರ್ದೇಶಕ ಇಬ್ಬರೂ ಹೋದರು. 2025ರ ನವೆಂಬರಿನಲ್ಲಿ ‘ಪನೋರಮಾ’ ಕಾರ್ಯಕ್ರಮದಲ್ಲಿ ಟ್ರಂಪ್ ಭಾಷಣದ ಬೇರೆ ಬೇರೆ ತುಣುಕುಗಳನ್ನು ಒಟ್ಟಿಗೆ ಜೋಡಿಸಿ ತೋರಿಸಿದ ಪ್ರಕರಣ ದೊಡ್ಡದಾಗಿ ಮಹಾನಿರ್ದೇಶಕ ಟಿಮ್ ಡೇವಿ ರಾಜೀನಾಮೆ ಕೊಟ್ಟರು, ಸುದ್ದಿ ಮುಖ್ಯಸ್ಥೆಯೂ ಕೊಟ್ಟರು. ತಪ್ಪು ಅಲ್ಲೂ ಆಗುತ್ತೆ. ಆದರೆ ಆದಾಗ ಊರಿಗೆಲ್ಲ ಗೊತ್ತಾಗುತ್ತೆ, ಯಾರಾದರೂ ಹೊಣೆ ಹೊರ್ತಾರೆ. ನಮ್ಮಲ್ಲಿ ಕೆರೆಯ ಸುದ್ದಿಯಿಂದ ಬಾವುಟ ಬಿಟ್ಟುಹೋದರೆ ಯಾರನ್ನು ಕೇಳಬೇಕು?

ಮೇಷ್ಟ್ರು: ಇದಕ್ಕೆ ಸರಿಯಾದ ಪಾಠ ಜರ್ಮನಿಯಲ್ಲಿದೆ. ಅಲ್ಲಿಯ ಝೆಡ್‌ಡಿಎಫ್ ವಾಹಿನಿಯಲ್ಲಿ ನಿಕೋಲಾಸ್ ಬ್ರೆಂಡರ್ ಅಂತ ಪ್ರಧಾನ ಸಂಪಾದಕ. ಪಕ್ಷಗಳ ಮಾತಿಗೆ ಬಗ್ಗದವನು. 2009ರಲ್ಲಿ ಆಡಳಿತ ಮಂಡಳಿಯಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದವರು ಸೇರಿಕೊಂಡು ಅವನ ಅವಧಿ ಮುಂದುವರಿಸದೆ ಬಿಟ್ಟರು. ನಮ್ಮ ವರ್ಗಾವಣೆ ಇದ್ದ ಹಾಗೇ. ಇಲ್ಲಾಗಿದ್ದರೆ ಎರಡು ದಿನ ಪೇಪರಿನಲ್ಲಿ ಬಂದು ತಣ್ಣಗಾಗ್ತಿತ್ತು. ಅಲ್ಲಿ ಎರಡು ರಾಜ್ಯಗಳು ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2014ರಲ್ಲಿ ತೀರ್ಪು ಬಂತು: ಇಂಥ ಮಂಡಳಿಗಳಲ್ಲಿ ಸರ್ಕಾರ, ಪಕ್ಷಗಳಿಗೆ ಹತ್ತಿರದವರು ಮೂರನೇ ಒಂದು ಭಾಗ ಮೀರಬಾರದು. ದುಡ್ಡಿನ ವಿಷಯದಲ್ಲೂ ಅವರದು ಬೇರೆ ದಾರಿ. ಪ್ರತಿ ಮನೆಯವರೂ ತಿಂಗಳಿಗಿಷ್ಟು ಅಂತ ಪ್ರಸಾರ ಶುಲ್ಕ ಕಟ್ಟಬೇಕು. ಎಷ್ಟು ಅನ್ನೋದನ್ನು ಸ್ವತಂತ್ರ ಆಯೋಗ ಶಿಫಾರಸು ಮಾಡುತ್ತೆ. 2021ರಲ್ಲಿ ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯ ಶುಲ್ಕ ಹೆಚ್ಚಳಕ್ಕೆ ಅಡ್ಡಗಾಲು ಹಾಕಿದಾಗ ಅದೇ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು.

ವರದಿಗಾರ್ತಿ: ಅಮೆರಿಕದಲ್ಲಿ ಇದರ ತದ್ವಿರುದ್ಧ. ಸಾರ್ವಜನಿಕ ಪ್ರಸಾರಕ್ಕೆ ಎತ್ತಿಟ್ಟಿದ್ದ 110 ಕೋಟಿ ಡಾಲರನ್ನು 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ವಾಪಸ್ ಪಡೆಯಿತು. ಪಕ್ಷಪಾತಿ ಅಂತ ಆಡಳಿತದವರ ದೂರು. ಎಡ ಬಲದ ವಾದ ಏನಾದರೂ ಇರಲಿ, ದುಡ್ಡಿನ ಥೈಲಿಯ ದಾರ ಆಳುವವರ ಕೈಯಲ್ಲಿದ್ದರೆ ಒಂದು ದಿನ ಎಳೆದೇ ಎಳೀತಾರೆ. ಆದರೆ ಮೇಷ್ಟ್ರೇ, ನಮ್ಮ ಜನಕ್ಕೆ ಮನೆ ಮನೆಯಿಂದ ರೇಡಿಯೊ ಶುಲ್ಕ ಕಟ್ಟಿ ಅಂದರೆ ಹೊಡೆಯೋಕೆ ಬರ್ತಾರೆ. ರೇಡಿಯೊಗೆ ಲೈಸೆನ್ಸ್ ಮಾಡಿಸಿ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟುತ್ತಿದ್ದ ಕಾಲ ಮುಗಿಯಿತು.

ಮೇಷ್ಟ್ರು: ಶುಲ್ಕ ಬೇಡ. ಅನುದಾನವನ್ನೇ ಐದು ವರ್ಷಕ್ಕೊಮ್ಮೆ ಒಟ್ಟಿಗೆ ನಿಗದಿ ಮಾಡಿ, ನಡುವೆ ಕೈ ಹಾಕದಂತೆ ಕಾನೂನಿನಲ್ಲಿ ಬರೆಯಲಿ. ನಿನ್ನ ಬೇಡಿಕೆ ಏನು?

ವರದಿಗಾರ್ತಿ: ಒಂದು, ಸುದ್ದಿ ಸಂಪಾದಕರು ಪ್ರಸಾರ ಭಾರತಿಯ ಸ್ವಂತ ನೌಕರರಾಗಬೇಕು. ಪಿಐಬಿಗೆ ಹೋಗಿ ಬರುವ ಬಾಗಿಲು ಮುಚ್ಚಬೇಕು. ಎರಡು, ಪ್ರತಿ ಬುಲೆಟಿನ್ನಿನ ಪಠ್ಯ ಹುಡುಕಲು ಬರುವ ಹಾಗೆ ಜನರಿಗೆ ಸಿಗಬೇಕು. ಯಾವ ದಿನ ಯಾವ ಸುದ್ದಿ ಮೊದಲು ಬಂತು, ಯಾವುದು ಬರಲೇ ಇಲ್ಲ ಅನ್ನೋದನ್ನು ನಿಮ್ಮ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಮೂರು, ತಪ್ಪಾದರೆ ಮಾರನೇ ದಿನ ಅದೇ ಬುಲೆಟಿನ್ನಿನಲ್ಲಿ ತಿದ್ದುಪಡಿ ಓದಬೇಕು. ನಾಲ್ಕು, ಎಫ್‌ಎಂ ಮತ್ತು ಸಮುದಾಯ ಬಾನುಲಿಗೆ ಸುದ್ದಿಯ ಬಾಗಿಲು ತೆರೆಯಬೇಕು. ಎಫ್‌ಎಂನವರಿಗೆ ಸುದ್ದಿ ಕೊಡಲು ಬಿಡಿ ಅಂತ 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೂಡ ಶಿಫಾರಸು ಮಾಡಿದೆ.

ಮೇಷ್ಟ್ರು: ನಾಲ್ಕನೇದು ಒಪ್ಪಲಾರೆ. ಎಫ್‌ಎಂಗೆ ಸುದ್ದಿ ಬಿಟ್ಟರೆ ನಿಮ್ಮ ಚಾನೆಲ್ಲಿನ ಗಲಾಟೆ ನನ್ನ ಟ್ರಾನ್ಸಿಸ್ಟರಿಗೂ ಬರುತ್ತೆ. ಬಲವಾದ ಮಾಲೀಕ, ಜಾಹೀರಾತುದಾರ, ಶಾಸಕ ಮೂವರೂ ಒಬ್ಬನೇ ಆಗಿರುವ ಊರುಗಳಿವೆ. ಸರ್ಕಾರದ ಪಕ್ಷಪಾತ ಹೋಗಿ ಸಾಹುಕಾರನ ಪಕ್ಷಪಾತ ಬರುತ್ತೆ.

ವರದಿಗಾರ್ತಿ: ಬರಬಹುದು. ಆಗ ಜನ ಆಕಾಶವಾಣಿಯ ಜೊತೆ ಹೋಲಿಸಿ ನೋಡ್ತಾರೆ. ಈಗ ಹೋಲಿಸೋಕೆ ಇನ್ನೊಂದು ರೇಡಿಯೊ ವಾರ್ತೆಯೇ ಇಲ್ಲ.

ಮೇಷ್ಟ್ರು: ಅದನ್ನು ನಾವಿಬ್ಬರೂ ಇವತ್ತು ಬಗೆಹರಿಸೋದು ಬೇಡ. ಒಂದಂತೂ ಒಪ್ಪಿದೆ. ಸುಳ್ಳು ಇಲ್ಲ ಅನ್ನೋದಕ್ಕೇ ನಾನು ಸಮಾಧಾನ ಪಟ್ಟುಕೊಂಡಿದ್ದೆ. ಹೇಳದೆ ಬಿಟ್ಟದ್ದರ ಲೆಕ್ಕ ಕೇಳುವ ಹಕ್ಕೂ ತೆರಿಗೆ ಕಟ್ಟುವವನಿಗೆ ಇದೆ. ಆದರೆ ಇದನ್ನು ಅಧಿಕಾರದಲ್ಲಿರುವ ಪಕ್ಷ ತಾನಾಗಿ ಕೊಡಲ್ಲ, ವಿರೋಧ ಪಕ್ಷವೂ ಮನಸಾರೆ ಕೇಳಲ್ಲ, ಯಾಕಂದ್ರೆ ನಾಳೆ ಆ ಕುರ್ಚಿ ತನ್ನದಾಗಬಹುದು ಅನ್ನೋ ಆಸೆ ಅದಕ್ಕೂ ಇದೆ. ಕೇಳಬೇಕಾದವರು ಕೇಳುಗರೇ. ಹೊಸ ಕಾನೂನು ಕೂಡ ಬೇಕಿಲ್ಲ, ಇರುವ ಕಾನೂನು ನಡೆದರೆ ಅರ್ಧ ದಾರಿ ಸವೆಯುತ್ತೆ. ಮುಂದಿನ ಸಲ ಮತ ಕೇಳಲು ಬರುವ ಪ್ರತಿ ಲೋಕಸಭಾ ಅಭ್ಯರ್ಥಿಯನ್ನೂ, ಯಾವ ಪಕ್ಷದವರಾಗಿದ್ದರೂ, ಒಂದು ಪ್ರಶ್ನೆ ಕೇಳಿ: ಪ್ರಸಾರ ಭಾರತಿ ಕಾಯ್ದೆಯ 13ನೇ ಸೆಕ್ಷನ್ನಿನ ಸಂಸದೀಯ ಸಮಿತಿ ರಚಿಸಿ ಅಂತ ಸದನದಲ್ಲಿ ಎದ್ದು ನಿಂತು ಒತ್ತಾಯಿಸ್ತೀರಾ? ವಿರೋಧ ಪಕ್ಷದಲ್ಲಿದ್ದಾಗ ಹೌದು ಅಂದವರು ಅಧಿಕಾರಕ್ಕೆ ಬಂದ ಮೇಲೂ ಹೌದು ಅನ್ನುವ ತನಕ ಬಿಡದೆ ಕೇಳಿ.